ಹೊಲ ಮಾರುವ ಮೊದಲು ಬಿಶ್ಕೆಕ್ ಲೆಕ್ಕ ನೋಡಿ

ದ್ರಾಕ್ಷಿಗೆ ನಾಕು ದುಡ್ಡು ಬಂದ ವರ್ಷ ಜತ್ತ ಸೀಮೆಯಲ್ಲಿ, ತೊಗರಿ ಕೈಹಿಡಿದ ವರ್ಷ ಅಕ್ಕಲಕೋಟ ಕಡೆ, ಅಡಿಕೆ ದರ ಏರಿದ ವರ್ಷ ಕಾಸರಗೋಡಿನಲ್ಲಿ ಮನೆಯೊಳಗೆ ಏಳುವ ಮಾತು ಒಂದೇ: ‘ಹುಡುಗನ್ನ ಡಾಕ್ಟ್ರ ಮಾಡೋಣೇನು?’ ನೀಟ್‌ನಲ್ಲಿ ಅಂಕ ಕಡಿಮೆ ಬಿತ್ತೋ, ಏಜೆಂಟರ ಫೋನು ಶುರು. ‘ಬಿಶ್ಕೆಕ್‌ಗೆ ಕಳಿಸ್ರಿ. ಇಂಗ್ಲಿಷ್ ಮೀಡಿಯಂ, ಡೊನೇಶನ್ ಇಲ್ಲ, ಆರು ವರ್ಷಕ್ಕ ಡಾಕ್ಟ್ರಾಗಿ ಬರ್ತಾನ.’

ಮಾತು ಪೂರಾ ಸುಳ್ಳಲ್ಲ. ಪೂರಾ ಖರೆಯೂ ಅಲ್ಲ.

ಬಿಶ್ಕೆಕ್ ಎಂದರೆ ಕಿರ್ಗಿಸ್ತಾನದ ರಾಜಧಾನಿ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿದ್ದ ಗುಡ್ಡಗಾಡು ದೇಶ. ಅಲ್ಲಿನ ಸರಕಾರಿ ವೈದ್ಯಕೀಯ ಅಕಾಡೆಮಿ 1939ರದ್ದು. ಕಝಾಕಿಸ್ತಾನದ ಅಲ್ಮಾಟಿ, ಉಜ್ಬೇಕಿಸ್ತಾನದ ಸಮರಕಂದ, ಬುಖಾರಾಗಳಲ್ಲೂ ಇಂಗ್ಲಿಷಿನಲ್ಲಿ ಕಲಿಸುವ ಕಾಲೇಜುಗಳಿವೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ, ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ ಮೇಲೆ ನಮ್ಮ ಅನೇಕ ಮಕ್ಕಳು ಈ ಕಡೆ ಮುಖ ಮಾಡಿದರು.

ಹೋಗುವುದಕ್ಕೆ ಕಾರಣವೂ ಇದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಚಿಲ್ಲರೆ. ಖಾಸಗಿ ಸೀಟಿಗೆ ಅರ್ಧ ಕೋಟಿಯಿಂದ ಕೋಟಿ ದಾಟುತ್ತದೆ. ಬಿಶ್ಕೆಕ್ ಕಡೆ ಊಟ, ಹಾಸ್ಟೆಲ್ ಸೇರಿ ಸುಮಾರು 20ರಿಂದ 35 ಲಕ್ಷದಲ್ಲಿ ಮುಗಿಯುತ್ತದೆ.

ಡಾಲರಿನ ಆಟ

ಆದರೆ ಫೀ ಇರುವುದು ಡಾಲರಿನಲ್ಲಿ. 2018ರ ಆರಂಭದಲ್ಲಿ ಡಾಲರಿಗೆ ಸುಮಾರು 64 ರೂಪಾಯಿ. 2024ರ ಕೊನೆಗೆ 85ರ ಹತ್ತಿರ. ವರ್ಷಕ್ಕೆ 4,000 ಡಾಲರ್ ಎಂದಿಟ್ಟುಕೊಳ್ಳಿ. ಕಾಲೇಜು ಒಂದು ಪೈಸೆ ಏರಿಸದಿದ್ದರೂ 2.56 ಲಕ್ಷ ಇದ್ದದ್ದು 3.4 ಲಕ್ಷವಾಯಿತು. ಅಡತಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲ 7.5 ಲಕ್ಷ ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ ಎಂಬುದೂ ನೆನಪಿರಲಿ.

ಕಾಯ್ದೆ ಏನನ್ನುತ್ತದೆ?

ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಕಟ್ಟುನಿಟ್ಟಿನ ನಿಯಮ ತಂದಿದೆ. ಓದು ಕನಿಷ್ಠ 54 ತಿಂಗಳು, ಅದೂ ಇಂಗ್ಲಿಷಿನಲ್ಲಿ. ಆಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಊರಿಗೆ ಬಂದ ಮೇಲೆ ಇಲ್ಲಿ ಮತ್ತೆ 12 ತಿಂಗಳು. ಎಲ್ಲ ಹತ್ತು ವರ್ಷದೊಳಗೆ ಮುಗಿಯಬೇಕು. ಓದಿದ ದೇಶದಲ್ಲಿ ಅಲ್ಲಿಯ ಪ್ರಜೆಗಳಂತೆಯೇ ವೈದ್ಯಕೀಯ ಮಾಡುವ ಲೈಸೆನ್ಸಿಗೆ ಆ ಪದವಿ ಅರ್ಹವಾಗಿರಬೇಕು. ಕಾಲೇಜು ಬದಲಿಸಿದರೆ, ಅರ್ಧ ಓದು ಆನ್‌ಲೈನ್ ಆದರೆ ತೊಡಕು ತಪ್ಪಿದ್ದಲ್ಲ. ನೀಟ್ ಪಾಸಾಗುವುದೂ ಕಡ್ಡಾಯ. ‘ನೀಟ್ ಬ್ಯಾಡ್ರಿ, ನಾ ನೋಡ್ಕೋತೀನಿ’ ಎನ್ನುವ ಏಜೆಂಟನ ಮುಂದೆ ಚಾ ಕೂಡ ಕುಡಿಯಬೇಡಿ.

ತರಗತಿಯ ಭಾಷೆ, ವಾರ್ಡಿನ ಭಾಷೆ

ಗಡಿಯ ಮಂದಿಗೆ ಬೇಗ ತಿಳಿಯುವ ಸಂಗತಿ ಇದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಅಥವಾ ಮಲಯಾಳ. ಗಿರಾಕಿ ಆಡುವ ಭಾಷೆ ಬಾರದೆ ವ್ಯಾಪಾರ ಆದೀತೇ? ಬಿಶ್ಕೆಕ್‌ನಲ್ಲಿ ಪಾಠ ಇಂಗ್ಲಿಷಿನಲ್ಲಿರಬಹುದು. ಮಂಚದ ಮೇಲೆ ಮಲಗಿದ ರೋಗಿ ಮಾತಾಡುವುದು ಕಿರ್ಗಿಜ್ ಅಥವಾ ರಷ್ಯನ್. ಎಲ್ಲಿ ನೋವು, ಎಂದಿನಿಂದ ಜ್ವರ ಎಂದು ಕೇಳಲು ಬಾರದ ಹುಡುಗ ಗೋಡೆಗೆ ಒರಗಿ ನಿಂತು ಬರುತ್ತಾನೆ, ಕಲಿತು ಬರುವುದಿಲ್ಲ. ಮೊದಲೆರಡು ವರ್ಷ ರಷ್ಯನ್ ಮನಸ್ಸಿಟ್ಟು ಕಲಿತವನಿಗೆ ಮಾತ್ರ ವಾರ್ಡಿನಲ್ಲಿ ವಿದ್ಯೆ ದಕ್ಕುತ್ತದೆ.

ಇದರ ಫಲ ಕಾಣುವುದು ಮರಳಿ ಬಂದ ಮೇಲೆ. ವಿದೇಶಿ ಪದವೀಧರರ ಪರೀಕ್ಷೆಯಲ್ಲಿ, ಅಂದರೆ ಎಫ್‌ಎಂಜಿಇಯಲ್ಲಿ, 300 ಪ್ರಶ್ನೆ. 150 ಸರಿಯಾದರೆ ಪಾಸು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. 2024ರ ಜೂನ್ ಪರೀಕ್ಷೆಯಲ್ಲಿ ಪಾಸಾದವರು ಐವರಲ್ಲಿ ಒಬ್ಬರ ಆಸುಪಾಸು. ಉಳಿದವರ ಕೈಯಲ್ಲಿ ಪದವಿ ಇದೆ, ಸ್ಟೆಥಾಸ್ಕೋಪ್ ಹಿಡಿಯುವ ಹಕ್ಕಿಲ್ಲ.

ಊರು ದೂರ ಎಂಬುದನ್ನೂ ಮರೆಯಬಾರದು. 2024ರ ಮೇ 17ರ ರಾತ್ರಿ ಬಿಶ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಬಿದ್ದವು. ಮನೆಯೊಳಗೇ ಇರಿ ಎಂದು ಭಾರತದ ರಾಯಭಾರ ಕಚೇರಿ ನಮ್ಮ ಮಕ್ಕಳಿಗೆ ಹೇಳಬೇಕಾಯಿತು.

ಮೊದಲು ಏನು ಮಾಡಬೇಕು?

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಬೇರೆಯೇ ಅರ್ಹತಾ ಕಲಮು ಇದೆ. ನಿಮ್ಮ ತಾಲೂಕು ಅದರಲ್ಲಿದೆಯೇ, ಯಾವ ಪ್ರಮಾಣಪತ್ರ ಬೇಕು, ಮೊದಲು ಇದನ್ನು ವಿಚಾರಿಸಿ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು.

ಹೊರಗೇ ಕಳಿಸುವುದಾದರೆ ಏಜೆಂಟನಲ್ಲ, ಅಲ್ಲಿ ನಾಲ್ಕನೇ ವರ್ಷ ಓದುತ್ತಿರುವ ಹುಡುಗರ ಹತ್ತಿರ ಮಾತಾಡಿ. ಆ ಕಾಲೇಜಿನವರು ಇಲ್ಲಿಯ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾದರು, ದಿನಕ್ಕೆ ಎಷ್ಟು ತಾಸು ಆಸ್ಪತ್ರೆ, ಇಂಟರ್ನ್‌ಶಿಪ್ ಎಲ್ಲಿ ಎಂದು ಕೇಳಿ. ಫೀ ಕಾಲೇಜಿನ ಖಾತೆಗೇ ಹೋಗಲಿ, ರಸೀದಿ ಮನೆಯಲ್ಲಿರಲಿ.

ಗಡಿಬಿಡಿ ಬೇಡ. ವಿದೇಶದ ಪ್ರವೇಶಕ್ಕೆ ಒಮ್ಮೆ ಪಡೆದ ನೀಟ್ ಅರ್ಹತೆ ಮೂರು ವರ್ಷ ನಡೆಯುತ್ತದೆ. ಅಡ್ಮಿಶನ್ ಬರುವ ವರ್ಷವೂ ಸಿಗುತ್ತದೆ. ಮಾರಿದ ಹೊಲ ಸಿಗೋದಿಲ್ಲ.