ಗೇಟು ದಾಟಿದ ಕ್ಯಾಂಪಸ್ ಬಾನುಲಿ

ನೂರು ವ್ಯಾಟ್ ಶಕ್ತಿ, ಹತ್ತು-ಹದಿನೈದು ಕಿಲೋಮೀಟರ್ ವ್ಯಾಪ್ತಿ. ಇಷ್ಟು ಪುಟ್ಟ ಬಂಡವಾಳದಲ್ಲಿ ನಮ್ಮ ಕಾಲೇಜು ಬಾನುಲಿಗಳು ಊರಿನ ದನಿಯಾಗಬಲ್ಲವು. ಆದರೆ ಅದಕ್ಕೆ ಮೈಕು ಸ್ಟುಡಿಯೊದಿಂದ ಹೊರಗೆ ಬರಬೇಕು.

ಕರಾವಳಿಯ ಕಾಲೇಜೊಂದರ ಬಾನುಲಿ ಸ್ಟುಡಿಯೊ. ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕಂಪ್ಯೂಟರ್ ಪರದೆಯ ಅಂಕುಡೊಂಕು ಗೆರೆಗಳನ್ನೇ ದಿಟ್ಟಿಸುತ್ತಿದ್ದಳು. ಹಿಂದಿನ ಸಂಜೆ ಬೀಡಿ ಕಟ್ಟುವ ಹೆಂಗಸೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡು ಬಂದ ಮಾತುಕತೆ ಅದು. ಮೊದಲ ಐದು ನಿಮಿಷ ಬರೀ ಇವಳ ಪ್ರಶ್ನೆಗಳು. ಆ ಕಡೆಯಿಂದ ಒಂದೇ ಉತ್ತರ: ‘ನನ್ನತ್ರ ಎಂತ ಕೇಳುದು ಮಗಾ, ನನಗೆಂತ ಗೊತ್ತುಂಟು?’

ಆಮೇಲೆ ಹುಡುಗಿ ಪ್ರಶ್ನೆಯ ಹಾಳೆ ಮಡಚಿಟ್ಟಳಂತೆ. ಅರ್ಧ ನಿಮಿಷ ಮಾತಿಲ್ಲ. ಎಲೆ ಕತ್ತರಿಸುವ ಕತ್ತರಿಯ ಸದ್ದು, ದೂರದಲ್ಲೊಂದು ಬಸ್ಸಿನ ಹಾರ್ನು. ಆ ಮೌನದ ಬೆನ್ನಿಗೆ ಮಾತು ತಾನಾಗಿ ಹೊರಟಿತು. ಮಗಳ ಕಾಲೇಜು ಫೀಸು, ರಾತ್ರಿ ಬಿಡದ ಬೆನ್ನುನೋವು, ಮಳೆಗಾಲದಲ್ಲಿ ಎಲೆಗೆ ಹಿಡಿಯುವ ಬೂಷ್ಟು, ಕೆಲಸದ ಹೊತ್ತಿನಲ್ಲಿ ಪಕ್ಕದಲ್ಲೇ ಹಾಡುವ ರೇಡಿಯೊ.

‘ಸರ್, ಈ ಕತ್ತರಿ ಸದ್ದು ತೆಗೆದುಬಿಡಲಾ?’ ಎಂದಳು ಹುಡುಗಿ.

‘ಬೇಡಮ್ಮ, ಇರಲಿ. ಆ ಮನೆ ಇರುವುದೇ ಆ ಸದ್ದಿನಲ್ಲಿ’ ಎಂದರು ಮೇಷ್ಟ್ರು.

ಆರ್‌ಜೆ ಆಗಬೇಕೆಂದು ಬಂದ ಹುಡುಗಿ ಆವತ್ತು ಕೇಳಿಸಿಕೊಳ್ಳುವುದನ್ನು ಕಲಿತಳು. ಯಾವ ಪಠ್ಯಪುಸ್ತಕವೂ ಹೇಳಿಕೊಡದ ಈ ಪಾಠವನ್ನು ಕಾಲೇಜು ಬಾನುಲಿ ಸದ್ದಿಲ್ಲದೆ ಹೇಳಿಕೊಡುತ್ತದೆ.

ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ಕನ್ನಡದ ಬಾನುಲಿಗೂ ಕಾಲೇಜಿಗೂ ಇರುವ ನಂಟು ಹಳೆಯದು. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಅವರ ಬಳಿ ಇದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಅವರ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದ ಹಿರಿಮೆ ನಾ. ಕಸ್ತೂರಿ ಅವರಿಗೆ ಸಲ್ಲುತ್ತದೆ. ಮುಂದೆ ಮೈಸೂರು ಸಂಸ್ಥಾನ ಆ ಕೇಂದ್ರದ ಹೊಣೆ ಹೊತ್ತಿತು. ಸ್ವತಂತ್ರ ಭಾರತ ತನ್ನ ಇಡೀ ಬಾನುಲಿ ಜಾಲಕ್ಕೆ ಆ ಹೆಸರನ್ನೇ ಇಟ್ಟುಕೊಂಡಿತು.

ಮೇಷ್ಟ್ರೊಬ್ಬರು ತಮಗೆ ತಿಳಿದದ್ದನ್ನು ತರಗತಿಯ ಗೋಡೆಯಾಚೆಗೆ ಮುಟ್ಟಿಸಬೇಕೆಂದು ಹಂಬಲಿಸಿದ್ದರ ಫಲ ಅದು. ಇವತ್ತಿನ ಪ್ರತಿಯೊಂದು ಕ್ಯಾಂಪಸ್ ಬಾನುಲಿಯೂ ಆ ಮನೆಯ ಮೊಮ್ಮಗು ಎನ್ನಲು ಅಡ್ಡಿಯಿಲ್ಲ.

ಗಾಳಿಯ ಅಲೆ ಯಾರ ಸೊತ್ತು?

ಸ್ವಾತಂತ್ರ್ಯಾನಂತರ ಬಹುಕಾಲ ಬಾನುಲಿ ಸರ್ಕಾರದ್ದೇ ಆಗಿತ್ತು. ಪ್ರಸಾರ ತರಂಗಗಳು ಸಾರ್ವಜನಿಕ ಸೊತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಬಾಗಿಲು ಸಡಿಲವಾಯಿತು. ಆದರೂ ಪೂರ್ತಿ ತೆರೆಯಲು ವರ್ಷಗಳೇ ಹಿಡಿದವು. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 2001ರಲ್ಲಿ ‘ನಮ್ಮ ಧ್ವನಿ’ ಶುರುಮಾಡಿದಾಗ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿಯೇ ಇರಲಿಲ್ಲ. ಅವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು.

2002ರ ಕೊನೆಯಲ್ಲಿ ಕೇಂದ್ರ ಸರ್ಕಾರ ಸಮುದಾಯ ಬಾನುಲಿ ನಡೆಸಲು ಮೊದಲು ಅನುಮತಿ ಕೊಟ್ಟದ್ದು ಶಿಕ್ಷಣ ಸಂಸ್ಥೆಗಳಿಗೆ. 2004ರ ಫೆಬ್ರುವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ‘ಅಣ್ಣಾ ಎಫ್‌ಎಂ’ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿಯಾಗಿ ದನಿ ಎತ್ತಿತು. 2006ರಲ್ಲಿ ನೀತಿ ಇನ್ನಷ್ಟು ಹಿಗ್ಗಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ಸಿಕ್ಕಿತು. ಈಗ ದೇಶದಲ್ಲಿ ಸಮುದಾಯ ಬಾನುಲಿಗಳ ಸಂಖ್ಯೆ ಐನೂರರ ಆಸುಪಾಸಿನಲ್ಲಿದೆ. ಅವುಗಳಲ್ಲಿ ದೊಡ್ಡ ಪಾಲು ಕಾಲೇಜು, ವಿಶ್ವವಿದ್ಯಾಲಯಗಳದ್ದು.

ಈ ಬಾನುಲಿಗಳ ಶಕ್ತಿಗೆ ಸರ್ಕಾರ ಹಾಕಿರುವ ಮಿತಿ ಸಾಮಾನ್ಯವಾಗಿ 100 ವ್ಯಾಟ್. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಹಳದಿ ಬಲ್ಬಿನಷ್ಟು. ಗೋಪುರದ ಎತ್ತರಕ್ಕೂ 30 ಮೀಟರ್‌ಗಳ ಕಡಿವಾಣ. ಹೀಗೆ ದನಿ ಹತ್ತಿರದಲ್ಲೇ ನಿಲ್ಲುವುದರಿಂದ ಬೆಂಗಳೂರು, ಮಣಿಪಾಲ, ಧಾರವಾಡ ಮೂರೂ ಕಡೆ ಕ್ಯಾಂಪಸ್ ಬಾನುಲಿಗಳು ಒಂದೇ 90.4 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಪುಟ್ಟ ವ್ಯಾಪ್ತಿಯೇ ಇವುಗಳ ಬಲ. ಕೇಳುಗ ಪಕ್ಕದ ಬೀದಿಯವನು, ಮಾತಾಡುವವನೂ ಪಕ್ಕದ ಬೀದಿಯವನೇ.

ಊರಿನ ಮಾತು, ಊರಿನ ಭಾಷೆ

ಮಂಗಳೂರಿನ ಸೇಂಟ್ ಅಲೋಶಿಯಸ್ ಪರಿಗಣಿತ ವಿಶ್ವವಿದ್ಯಾಲಯದ ‘ರೇಡಿಯೊ ಸಾರಂಗ್’ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಕಾರ್ಯಕ್ರಮ ಬರುತ್ತದೆ. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಆಡುವ ಊರಿಗೆ ನಾಲ್ಕೂ ಭಾಷೆಯ ಬಾನುಲಿಯೇ ತಕ್ಕದ್ದು. ದೊಡ್ಡ ವಾಣಿಜ್ಯ ವಾಹಿನಿಗಳ ಲೆಕ್ಕದಲ್ಲಿ ಬ್ಯಾರಿ ಭಾಷೆಯ ಒಂದು ಗಂಟೆಗೆ ಬೆಲೆ ಇರಲಿಕ್ಕಿಲ್ಲ. ಮನೆಯಲ್ಲಿ ಆಡುವ ಮಾತನ್ನು ರೇಡಿಯೊದಲ್ಲಿ ಕೇಳಿದ ಅಜ್ಜಿಗೆ ಅದರ ಬೆಲೆ ಗೊತ್ತು.

ಬೆಂಗಳೂರಿನ ಜೈನ್ ಸಂಸ್ಥೆಯ ‘ರೇಡಿಯೊ ಆಕ್ಟಿವ್’ 2007ರಲ್ಲಿ ಆರಂಭವಾಯಿತು. ರಾಜಧಾನಿಯ ಈ ಮೊದಲ ಸಮುದಾಯ ಬಾನುಲಿಯಲ್ಲಿ ತ್ಯಾಜ್ಯ ಆಯುವವರು, ಲಿಂಗತ್ವ ಅಲ್ಪಸಂಖ್ಯಾತರು ತಾವೇ ಮೈಕಿನ ಮುಂದೆ ಕುಳಿತರು. ತಮ್ಮ ಬಗ್ಗೆ ಬೇರೆಯವರು ಮಾತಾಡುವುದನ್ನೇ ಕೇಳಿ ಬೇಸತ್ತಿದ್ದ ಜನ ಅವರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಾನುಲಿ ಶುರುವಾದದ್ದೂ 2007ರಲ್ಲೇ. ಸಂಶೋಧನಾ ತಾಕಿನಲ್ಲಿ ಕಂಡುಕೊಂಡದ್ದು ಸುತ್ತಲಿನ ಹಳ್ಳಿಯ ರೈತರ ಕಿವಿಗೆ ನೇರವಾಗಿ ಬೀಳಲಿ ಎಂಬುದು ಅದರ ಆಶಯ.

ಸಮುದಾಯ ಬಾನುಲಿ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು ಅಷ್ಟೆ. ಆದರೆ ಕರೆಂಟು ಯಾವಾಗ ಹೋಗುತ್ತದೆ, ನೀರು ಯಾವಾಗ ಬರುತ್ತದೆ, ನಾಳೆ ಮಳೆಯ ಮುನ್ಸೂಚನೆ ಏನು, ಲಸಿಕೆ ಎಲ್ಲಿ, ಪರೀಕ್ಷೆಯ ಫಲಿತಾಂಶ ಎಂದು, ಕೆಲಸಕ್ಕೆ ಅರ್ಜಿ ಎಲ್ಲಿ ಎಂಬುದೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಹೇಳಲು ಅಡ್ಡಿಯಿಲ್ಲ. ಮನೆ ನಡೆಸುವವರಿಗೆ ದಿನವೂ ಬೇಕಾದ ಮಾಹಿತಿ ಇದೇ ತಾನೆ? ನೆರೆ ಬಂದು ಮೊಬೈಲ್ ಗೋಪುರ ಕೈಕೊಟ್ಟಾಗ ಬ್ಯಾಟರಿ ಹಾಕಿದ ರೇಡಿಯೊ ಮಾತಾಡುತ್ತಲೇ ಇರುತ್ತದೆ.

ಹೊಣೆ ಹೊತ್ತರೆ ಹುಡುಗರು ಬೆಳೆಯುತ್ತಾರೆ

ನಮ್ಮಲ್ಲಿ ಪರವಾನಗಿ ಇರುವುದು ಸಂಸ್ಥೆಯ ಹೆಸರಿನಲ್ಲಿ. ದಿನದ ಕೆಲಸದಲ್ಲಿ ವಿದ್ಯಾರ್ಥಿಗಳ ಕೈಗೆ ಎಷ್ಟು ಸಿಗುತ್ತದೆ ಎಂಬುದು ಆಯಾ ಕಾಲೇಜಿನ ದೊಡ್ಡ ಮನಸ್ಸಿಗೆ ಬಿಟ್ಟದ್ದು. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಕೇಂದ್ರದ ವ್ಯವಸ್ಥಾಪಕರಿಂದ ಹಿಡಿದು ನಡುರಾತ್ರಿ ಹಾಡು ಹಾಕುವವರವರೆಗೆ ಎಲ್ಲರೂ ವಿದ್ಯಾರ್ಥಿಗಳೇ. ಅಲ್ಲಿ ಎಫ್‌ಎಂ ಪಟ್ಟಿಯ ಎಡತುದಿಯ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ವಾಣಿಜ್ಯೇತರ, ಶೈಕ್ಷಣಿಕ ಪ್ರಸಾರಕ್ಕೆಂದೇ ಕಾದಿರಿಸಿದ್ದಾರೆ. ಅಷ್ಟರ ಮಟ್ಟಿನ ನಂಬಿಕೆ ನಮ್ಮ ಹುಡುಗರ ಮೇಲೂ ಇಡಬಹುದು.

ಹೊಣೆ ಕೊಟ್ಟಲ್ಲಿ ಏನಾಗುತ್ತದೆ ಎಂಬುದನ್ನು ಸ್ಟುಡಿಯೊದೊಳಗೆ ಹೋದವರು ಕಂಡಿರುತ್ತಾರೆ. ಕೆಂಪು ದೀಪ ಹೊತ್ತಿದೊಡನೆ ಕ್ಲಾಸಿನಲ್ಲಿ ಹಿಂದಿನ ಬೆಂಚು ಹಿಡಿಯುವ ಹುಡುಗನ ಬೆನ್ನು ನೆಟ್ಟಗಾಗುತ್ತದೆ. ಕಣ್ಣು ಕ್ಯೂ ಶೀಟಿನ ಮೇಲೆ, ಬೆರಳು ಮಿಕ್ಸರಿನ ಫೇಡರ್ ಮೇಲೆ, ಕಿವಿ ಫೋನಿನಲ್ಲಿ ಕಾಯುತ್ತಿರುವ ಕೇಳುಗರ ಕಡೆಗೆ. ನೇರ ಪ್ರಸಾರದಲ್ಲಿ ತಪ್ಪಿದ ಮಾತನ್ನು ಹಿಂದಕ್ಕೆ ಪಡೆಯಲಾಗದು ಎಂದು ತಿಳಿದವನು ಮಾತನ್ನು ತೂಗಿ ಆಡುತ್ತಾನೆ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಪಿಡಬೇಕೆಂಬ ನಿಯಮವೂ ಅದನ್ನೇ ನೆನಪಿಸುತ್ತದೆ.

ಕೊರತೆಗಳನ್ನೂ ಮುಚ್ಚಿಡಬೇಕಾಗಿಲ್ಲ. ಪರೀಕ್ಷೆ ಬಂತೆಂದರೆ ಸ್ಟುಡಿಯೊ ಖಾಲಿ. ಬೇಸಿಗೆ ರಜೆಯಲ್ಲಿ ಹಳೆಯ ಕಾರ್ಯಕ್ರಮಗಳೇ ಮತ್ತೆ ಮತ್ತೆ. ಮೂರು ವರ್ಷ ಪಳಗಿದ ತಂಡ ಪದವಿ ಮುಗಿಸಿ ಹೊರಟರೆ ಮತ್ತೆ ಅ ಆ ಇ ಈಯಿಂದ ಆರಂಭ. ದುಡ್ಡಿನ ತಾಪತ್ರಯ ಬೇರೆ. ಇನ್ನು ಕೆಲವು ಕೇಂದ್ರಗಳು ದಿನವಿಡೀ ಸಿನಿಮಾ ಹಾಡು ಹಾಕಿ ಕೈತೊಳೆದುಕೊಳ್ಳುತ್ತವೆ. ಹಾಡಿಗೆ ಮೊಬೈಲ್ ಸಾಕು. ಪರವಾನಗಿ ಸಿಕ್ಕಿರುವುದು ಊರಿನ ಮಾತಿಗೆ. ಆ ಮಾತೇ ಇಲ್ಲದ ಕಾಲೇಜು ಬಾನುಲಿ ಇದ್ದೂ ಇಲ್ಲದಂತೆ.

ಇದಕ್ಕೆ ಮದ್ದು ದುಬಾರಿಯದ್ದೇನಲ್ಲ. ಬಾನುಲಿ ಕೆಲಸಕ್ಕೆ ಕ್ರೆಡಿಟ್ ಕೊಡಿ, ಅದು ಬಿಡುವಿನ ಹವ್ಯಾಸವಾಗಿ ಉಳಿಯದು. ಹೊರಡುವ ತಂಡ ಜೂನಿಯರ್‌ಗಳಿಗೆ ಕೆಲಸ ಕಲಿಸಿಯೇ ಹೊರಡಲಿ. ಊರಿನ ಅಂಗನವಾಡಿ ಕಾರ್ಯಕರ್ತೆ, ಆಟೊ ಚಾಲಕ, ನಿವೃತ್ತ ಮೇಷ್ಟ್ರು ವಾರಕ್ಕೊಂದು ಗಂಟೆಯ ಹೊಣೆ ಹೊರಲಿ. ರಜೆ ಬಂದರೂ ದನಿ ನಿಲ್ಲುವುದಿಲ್ಲ.

ಬಾನುಲಿ ಕೇಂದ್ರ ತೆರೆಯುವ ಕಾಲೇಜು ತಿಳಿದಿರಬೇಕಾದ್ದು

• ಅರ್ಜಿ ಸಲ್ಲಿಸಬೇಕಾದ್ದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ.
• ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿಯೇ ತಯಾರಾಗಬೇಕು.
• ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು 2024ರ ಮಾರ್ಗಸೂಚಿಯ ಮಾತು.
• ಅದೇ ಮಾರ್ಗಸೂಚಿಯ ಪ್ರಕಾರ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು. ಹಿಂದೆ ಇದು 7 ನಿಮಿಷವಿತ್ತು.
• ಲಾಭಕ್ಕಾಗಿ ನಡೆಸುವಂತಿಲ್ಲ.

ಓದುಗರಲ್ಲಿ ಒಂದು ಮಾತು

ಫೆಬ್ರುವರಿ 13 ವಿಶ್ವ ರೇಡಿಯೊ ದಿನ. ಅಷ್ಟರವರೆಗೆ ಕಾಯಬೇಕಾಗಿಲ್ಲ. ಇವತ್ತು ಸಂಜೆಯೇ ನಿಮ್ಮ ರೇಡಿಯೊದ ಮುಳ್ಳನ್ನು 90.4ಕ್ಕೋ 107.8ಕ್ಕೋ ತಿರುಗಿಸಿ ನೋಡಿ. ಹತ್ತಿರದ ಕಾಲೇಜಿನ ಹುಡುಗನೋ ಹುಡುಗಿಯೋ ತುಸು ತಡವರಿಸುತ್ತಾ ಮಾತಾಡುತ್ತಿದ್ದರೆ ಚಾನೆಲ್ ಬದಲಿಸಬೇಡಿ. ಫೋನ್ ಮಾಡಿ, ನಿಮ್ಮ ಬೀದಿಯ ಮಾತು ಹೇಳಿ, ನಿಮ್ಮ ಅಜ್ಜಿಯ ಸೋಬಾನೆ ಪದ ಧ್ವನಿಮುದ್ರಿಸಿಕೊಳ್ಳಿ ಎಂದು ಕರೆಯಿರಿ. ಊರಿನಲ್ಲಿ ಕಾಲೇಜಿದ್ದೂ ಬಾನುಲಿ ಇಲ್ಲವೆಂದರೆ ಪ್ರಾಂಶುಪಾಲರನ್ನು ಕಂಡು ಯಾಕಿಲ್ಲ ಎಂದು ಕೇಳಿ. ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಅಂದಮೇಲೆ ಅವು ನಿಮ್ಮವು, ಕೇಳುವ ಹಕ್ಕೂ ನಿಮ್ಮದೇ.