ಕಾಲು ಪೆಡಲ್ ಬಿಡ್ತಿಲ್ವಾ? ಮೊದಲು ಬೋಲ್ಟ್ ನೋಡಿ

ಶಿರಸಿಯಿಂದ ಎಕ್ಕಂಬಿ ಕಡೆ ಸೈಕಲ್ ಹೊಡೆಯೋರಿಗೆ ಇವತ್ತಿನ ವಿಷಯ ಕ್ಲೀಟ್. ಶೂ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ ಚಿಕ್ಕ ಲೋಹದ ತುಂಡು ಅದು. ಪೆಡಲ್ ಅದನ್ನು ಕಚ್ಚಿ ಹಿಡಿಯುತ್ತೆ, ಹಿಮ್ಮಡಿ ಹೊರಕ್ಕೆ ತಿರುಗಿಸಿದ್ರೆ ಬಿಡುತ್ತೆ.

ನಮ್ಮ ಮಳೆ, ಕೆಸರಿಗೆ ಎರಡು ಬೋಲ್ಟಿನ ಎಸ್‌ಪಿಡಿ ಒಳ್ಳೇದು. ಶಿಮಾನೊ ಕಂಪನಿ 1990ರಲ್ಲಿ ತಂದ ವ್ಯವಸ್ಥೆ ಇದು. ಕ್ಲೀಟ್ ತಳದೊಳಗೆ ಹುದುಗಿರೋದರಿಂದ ಇಳಿದು ನಡೆಯಬಹುದು.

ಕೂರಿಸೋದು ಹೀಗೆ: ಹೆಬ್ಬೆರಳು ಮತ್ತು ಕಿರುಬೆರಳಿನ ಬುಡದ ಗಂಟುಗಳನ್ನು ಶೂ ಮೇಲೆ ಗುರುತು ಮಾಡಿ. ಕ್ಲೀಟಿನ ಮಧ್ಯಭಾಗ ಆ ಎರಡು ಗುರುತುಗಳ ನಡುವೆ ಬರಲಿ. ಬೋಲ್ಟಿಗೆ ಗ್ರೀಸ್ ಹಚ್ಚಿ, 4 ಮಿಮೀ ಅಲೆನ್ ಕೀಯಿಂದ 5–6 ನ್ಯೂಟನ್ ಮೀಟರ್ ಬಿಗಿ ಮಾಡಿ. ಮೊದಲ ಸವಾರಿ ಆದ್ಮೇಲೆ ಮತ್ತೆ ಬಿಗಿ ನೋಡಿ. ಮೊಣಕಾಲು ನೋಯ್ತಿದ್ರೆ ಕ್ಲೀಟಿನ ಕೋನವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ.

ಪೆಡಲ್ ಹಿಡೀತಿಲ್ಲ ಅಂದ್ರೆ ಹೆಚ್ಚಾಗಿ ಮಣ್ಣು ಕೂತಿರುತ್ತೆ. ಕಡ್ಡಿಯಿಂದ ಕೆದಕಿ ತೆಗೀರಿ.

ಬಿಡ್ತಿಲ್ಲ ಅಂದ್ರೆ ಮಾತ್ರ ಅಪಾಯ. ಒಂದು ಬೋಲ್ಟ್ ಬಿದ್ದುಹೋಗಿದ್ರೆ ಶೂ ತಿರುಗುತ್ತೆ, ಕ್ಲೀಟ್ ಪೆಡಲಿನಲ್ಲೇ ಇರುತ್ತೆ. ನಿಂತ ತಕ್ಷಣ ಸೈಕಲ್ ಸಮೇತ ಬೀಳ್ತೀರಿ, ಹಿಂದೆ ಲಾರಿ ಇದ್ರೆ ಕಥೆ ಮುಗೀತು. ಹಾಗಾದಾಗ ಎಳೆದಾಡಬೇಡಿ. ಇನ್ನೊಂದು ಕಾಲು ಬಿಡಿಸಿ, ಆ ಕಡೆಗೆ ವಾಲಿ ನಿಲ್ಲಿ, ಸಿಕ್ಕಿದ ಶೂ ಬಿಚ್ಚಿ ಕಾಲು ತೆಗೀರಿ.

ಬೋಲ್ಟ್ ಎರಡೂ ಗಟ್ಟಿಯಾಗಿದ್ರೆ ಮಾತ್ರ ಪೆಡಲಿನ ಸ್ಪ್ರಿಂಗ್ ಸ್ಕ್ರೂ ಸಡಿಲಿಸಿ. ಜೇಬಲ್ಲಿ ಅಲೆನ್ ಕೀ ಜೊತೆ ಒಂದು ಹೆಚ್ಚುವರಿ ಬೋಲ್ಟ್ ಇರಲಿ.