ಡಿ ಡ್ರೈವಿನಲ್ಲಿ ಮಾಣಿಕನಗರ ಹುಡುಕುತ್ತ

ಹುಮನಾಬಾದಿನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಡಿ ಡ್ರೈವ್ ತೆರೆದರೆ ಸುತ್ತಲಿನ ಊರುಗಳ ಬದುಕೇ ಅಲ್ಲಿ ಬಿದ್ದಿರುತ್ತದೆ. ಲಗ್ನಪತ್ರಿಕೆ, ಬಸವ ಜಯಂತಿಯ ಬ್ಯಾನರ್, ಮಾಣಿಕನಗರದ ದತ್ತ ಜಯಂತಿಗೆ ಹೋಗುವವರ ಬಸ್ ಪಾಂಪ್ಲೆಟ್, ಸಹಕಾರ ಸಂಘದ ವಾರ್ಷಿಕ ವರದಿ. ವಿಂಡೋಸ್ ಕೆಟ್ಟು ಫಾರ್ಮ್ಯಾಟ್ ಮಾಡಬೇಕಾಗಿ ಬಂದರೆ ಸಿ ಡ್ರೈವಿನಲ್ಲಿದ್ದದ್ದೆಲ್ಲ ಹೋಗುತ್ತದೆಂದು ಯಾರೂ ಅಲ್ಲಿ ಇಡುವುದಿಲ್ಲ. ಡಿ ಡ್ರೈವಿನಲ್ಲಿ ಇಟ್ಟದ್ದೇನೋ ಭದ್ರವಾಗಿರುತ್ತದೆ. ಆದರೆ ಗಿರಾಕಿ ಬಂದು ‘ಹ್ವಾದ ವರ್ಷ ಮಾಡ್ಸಿದ್ವಲ್ರಿ, ಅದೇ ಬೇಕಾಗ್ಯಾದ್ರಿ’ ಎಂದು ನಿಂತಾಗ ಸಿಗುವುದಿಲ್ಲ.

ಇಂಥ ಹುಡುಕಾಟಕ್ಕೆಂದೇ ಇರುವ ಡೆಸ್ಕ್‌ಟಾಪ್ ಸರ್ಚ್ ತಂತ್ರಾಂಶಗಳನ್ನು ನಮ್ಮ ಕಡೆಯ ಕಡತಗಳ ಮೇಲೆ ಓಡಿಸಿ ನೋಡಿದೆ. ಗೂಗಲ್ 2004ರಲ್ಲಿ ಇಂಥದೊಂದನ್ನು ತಂದು 2011ರಲ್ಲಿ ನಿಲ್ಲಿಸಿತು. ಈಗ ವಿಂಡೋಸಿನ ಒಳಗೇ ಒಂದು ಹುಡುಕಾಟವಿದೆ. ಅದಲ್ಲದೆ ಪುಕ್ಕಟೆ ಸಿಗುವ ಎವೆರಿಥಿಂಗ್, ಡಾಕ್‌ಫೆಚರ್, ಏಜೆಂಟ್ ರ‍್ಯಾನ್ಸ್ಯಾಕ್ ಇವೆ. ಲಿನಕ್ಸ್ ಬಳಸುವವರಿಗೆ ರಿಕಾಲ್. ಇವು ಕಡತಗಳನ್ನು ಹೊರಗೆಲ್ಲೂ ಕಳಿಸದೆ, ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತವೆ.

ಎವೆರಿಥಿಂಗ್ ಮುಖ್ಯವಾಗಿ ಕಡತದ ಹೆಸರನ್ನು ನೋಡುತ್ತದೆ. ಡಿಸ್ಕ್ ತಾನೇ ಇಟ್ಟುಕೊಂಡಿರುವ ಕಡತಗಳ ಪಟ್ಟಿಯನ್ನು ನೇರವಾಗಿ ಓದುವುದರಿಂದ, ಲಕ್ಷ ಕಡತಗಳಿದ್ದರೂ ಟೈಪ್ ಮಾಡುತ್ತಿರುವಾಗಲೇ ಉತ್ತರ ಬರುತ್ತದೆ. ಡಿಟಿಪಿ ಅಂಗಡಿಗೆ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಕೋರೆಲ್‌ಡ್ರಾದಲ್ಲಿ ಮಾಡಿದ ಪತ್ರಿಕೆಯನ್ನು ಪ್ರೆಸ್ಸಿಗೆ ಕೊಡುವಾಗ ಫಾಂಟ್ ಕೈಕೊಡಬಾರದೆಂದು ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡುತ್ತಾರೆ. ಆಮೇಲೆ ಕಡತದೊಳಗೆ ಉಳಿಯುವುದು ಗೆರೆಗಳ ಆಕಾರ ಮಾತ್ರ, ಅಕ್ಷರಗಳಲ್ಲ. ಅಲ್ಲಿ ಒಳಗೆ ಹುಡುಕಲು ಏನೂ ಇಲ್ಲ, ಹಿಡಿಯಲು ಸಿಗುವುದು ಹೆಸರೊಂದೇ. ಆ ಹೆಸರು ‘ಫೈನಲ್’, ‘ನ್ಯೂ ಫೈನಲ್’ ಎಂದಿದ್ದರೆ ಯಾವ ತಂತ್ರಾಂಶವೂ ನೆರವಿಗೆ ಬಾರದು. ಊರು, ಮನೆತನ, ವರ್ಷ ಇವಿಷ್ಟು ಹೆಸರಿನಲ್ಲಿರಬೇಕು. ಹುಮನಾಬಾದ್, ಹುಮ್ನಾಬಾದ್ ಎಂದು ಎರಡು ಬಗೆಯಲ್ಲೂ ಬರೆಯುವುದುಂಟು. ಎರಡರ ನಡುವೆ ಒಂದು ನೆಟ್ಟಗೆರೆ (|) ಹಾಕಿದರೆ ಎವೆರಿಥಿಂಗ್ ಎರಡನ್ನೂ ಹುಡುಕಿ ಕೊಡುತ್ತದೆ.

ಕಡತದ ಒಳಗಿನ ಮಾತನ್ನು ಹುಡುಕುವ ತಂತ್ರಾಂಶಗಳು, ಪುಸ್ತಕದ ಕೊನೆಯ ಶಬ್ದಸೂಚಿಯ ಹಾಗೆ, ಯಾವ ಪದ ಯಾವ ಕಡತದಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತವೆ. ವಿಂಡೋಸ್ ಮಾಡುವುದೂ ಇದನ್ನೇ. ಆದರೆ ನಾವು ಹೇಳದೇ ಇದ್ದರೆ ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಜಾಗಗಳ ಸೂಚಿ ಮಾತ್ರ ಮಾಡುತ್ತದೆ. ನಮ್ಮ ಸಂಸಾರವೆಲ್ಲ ಇರುವ ಡಿ ಡ್ರೈವನ್ನು ಇಂಡೆಕ್ಸಿಂಗ್ ಆಪ್ಷನ್ಸ್‌ಗೆ ಹೋಗಿ ಸೇರಿಸಬೇಕು. ಬರೇ ಒಂದು ಫೋಲ್ಡರಿನ ಸೂಚಿ ಸಾಕೆನ್ನುವವರಿಗೆ ಡಾಕ್‌ಫೆಚರ್ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಹಳೆಯ ಕನ್ನಡ ಕಡತಗಳು ಹುಡುಕಾಟಕ್ಕೆ ಬೀಳುವುದಿಲ್ಲ. ಕಾರಣ ಹಳೆಯ ಫಾಂಟುಗಳು. ನುಡಿ ತಂತ್ರಾಂಶದ ಹಳೆಯ ಕಡತದಲ್ಲಿ ‘ಕನ್ನಡ’ ಎಂದು ಕಾಣುವ ಪದದ ಫಾಂಟ್ ಬದಲಿಸಿ ನೋಡಿ: ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಕಂಪ್ಯೂಟರಿಗೆ ಗೊತ್ತಿರುವುದು ಇಷ್ಟೇ. ಕನ್ನಡದ ವೇಷವನ್ನು ಫಾಂಟ್ ತೊಡಿಸಿರುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದೆ. ಆದರೂ 1998ರಲ್ಲಿ ಬರಹ, ಆಮೇಲೆ ನುಡಿ ಬಂದಾಗ ನಮ್ಮ ಕಂಪ್ಯೂಟರುಗಳು ಅದಕ್ಕೆ ಸಿದ್ಧವಾಗಿರಲಿಲ್ಲ. ಆಗ ಆ ಫಾಂಟುಗಳೇ ನಮ್ಮನ್ನು ಕಾಪಾಡಿದವು. ಅವುಗಳಲ್ಲಿ ಮೂಡಿದ ಕಡತಗಳು ಮಾತ್ರ ಹುಡುಕಾಟಕ್ಕೆ ಕಾಣದೆ ಉಳಿದವು.

ಇದಕ್ಕೊಂದು ದಾರಿಯಿದೆ. ಬೇಕಾದ ಪದವನ್ನು ನುಡಿಯ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿ, ಕಾಪಿ ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿದರೆ ಪಿ, ಪೌಂಡುಗಳ ಸಾಲು ಬರುತ್ತದೆ. ಸೂಚಿ ಮಾಡುವ ತಂತ್ರಾಂಶಗಳು ಪೌಂಡ್ ಚಿಹ್ನೆ ಸಿಕ್ಕಲ್ಲಿ ಪದವನ್ನು ತುಂಡು ಮಾಡುತ್ತವೆ. ಸೂಚಿ ಇಲ್ಲದೆ ಒಂದೊಂದೇ ಕಡತ ಓದುತ್ತ ಹೋಗುವ ಏಜೆಂಟ್ ರ‍್ಯಾನ್ಸ್ಯಾಕ್‌ಗೆ ಆ ತೊಡಕಿಲ್ಲ. ನಿಧಾನ, ಆದರೆ ಹುಡುಕುತ್ತದೆ.

ಶಾಶ್ವತ ಪರಿಹಾರವೆಂದರೆ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವುದು. ಅದರಿಂದ ಏನಾಗುತ್ತದೆಂಬುದಕ್ಕೆ ಬಸವಕಲ್ಯಾಣದ ಶರಣರ ಮಾತುಗಳೇ ಸಾಕ್ಷಿ. 15 ಸಂಪುಟಗಳಲ್ಲಿ ಸರ್ಕಾರ ಪ್ರಕಟಿಸಿದ ವಚನಗಳು ಯುನಿಕೋಡಿಗೆ ಬಂದು ವಚನ ಸಂಚಯ ಎಂಬ ಜಾಲತಾಣವಾದ ಮೇಲೆ, ಒಂದು ಪದ ಕೊಟ್ಟರೆ ಅದು 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಎಲ್ಲೆಲ್ಲಿದೆ ಎಂದು ತಕ್ಷಣ ಸಿಗುತ್ತದೆ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕೆಡುವುದರಿಂದ ಮೂಲ ಪ್ರತಿಯನ್ನು ಅಳಿಸಬಾರದು.

ಯುನಿಕೋಡಾದ ಮೇಲೂ ಕನ್ನಡದಲ್ಲಿ ಸಂಧಿ ಎಡವಿಸುತ್ತದೆ. ಕರಪತ್ರದಲ್ಲಿ ‘ದತ್ತಜಯಂತ್ಯುತ್ಸವ’ ಎಂದಿದ್ದರೆ ‘ಜಯಂತಿ’ ಎಂದು ಕೇಳಿದರೂ ಸಿಗದು, ‘ಉತ್ಸವ’ ಎಂದರೂ ಸಿಗದು. ‘ದತ್ತಜಯಂತ’ ಎಂದು ಅಷ್ಟಕ್ಕೇ ನಿಲ್ಲಿಸಿ ಕೇಳಬೇಕು. ‘ಮಾಣಿಕನಗರ’ವನ್ನು ಬರೇ ‘ನಗರ’ದಿಂದ ಹುಡುಕಲು ಹೋದರೆ ವಿಂಡೋಸ್ ಸುಮ್ಮನಿರುತ್ತದೆ, ಅದು ಪದದ ಮೊದಲ ತುದಿಯನ್ನು ಹಿಡಿದೇ ಹುಡುಕುವುದು.

ಇನ್ನು ಮಾಣಿಕನಗರದ ಮಟ್ಟಿಗೆ ಕನ್ನಡವೊಂದೇ ಸಾಲದು. 1817ರಲ್ಲಿ ಹುಟ್ಟಿ 1865ರಲ್ಲಿ ಇಲ್ಲೇ ಸಮಾಧಿ ಹೊಂದಿದ ಸಂತ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಸೇರಿ ಹಲವು ಭಾಷೆಗಳಲ್ಲಿ ಹಾಡುಗಳನ್ನು ಕಟ್ಟಿದವರು. ಸಕಲಮತ ಸಂಪ್ರದಾಯದ ಈ ಕ್ಷೇತ್ರಕ್ಕೆ ಬರುವ ಭಕ್ತರ ಭಾಷೆಗಳೂ ಅಷ್ಟೇ ಬಗೆ. ಮರಾಠಿ ಹಾಡು ಶ್ರೀಲಿಪಿ ತಂತ್ರಾಂಶದಲ್ಲಿ, ಉರ್ದು ಇನ್‌ಪೇಜ್‌ನಲ್ಲಿ, ಹಳೆಯ ಪುಸ್ತಕ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಇದ್ದರೆ ಒಂದೇ ಹುಡುಕಾಟದಲ್ಲಿ ಎಲ್ಲ ಸಿಗುವುದಿಲ್ಲ. ಸ್ಕ್ಯಾನ್ ಪುಟಗಳನ್ನು ಅಕ್ಷರವಾಗಿಸಲು ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಅದು ಕನ್ನಡ, ಮರಾಠಿ, ಉರ್ದು ಮೂರನ್ನೂ ಓದುತ್ತದೆ. ತಪ್ಪು ಬೀಳುತ್ತದೆ, ತಿದ್ದಲು ಆ ಭಾಷೆ ಬಲ್ಲವರು ಬೇಕು. ಹುಮನಾಬಾದ್, ಬಸವಕಲ್ಯಾಣದಲ್ಲಿ ಮೂರೂ ಭಾಷೆ ಬಲ್ಲವರು ಓಣಿಗೊಬ್ಬರಾದರೂ ಸಿಗುತ್ತಾರೆ.